ಗಂಜಿ ತೊಟ್ಟಿ ಆಸ್ಪತ್ರೆಯ ಕಥೆ: ಹಸಿದವರಿಗೆ ಊಟ ಕೊಡೋದು ಎಲ್ಲಿಗೆ ಮುಟ್ಟುತ್ತೆ?

ಚೆನ್ನೈನಲ್ಲಿರುವ ನಮ್ಮ ವೀಕ್ಷಕರಿಗೆ ಮೊದಲು ಒಂದು ಪ್ರಶ್ನೆ. ರಾಯಪುರಂ ಕಡೆ ಹಳೆಯ ಆಟೋ ಡ್ರೈವರ್ ಹತ್ತಿರ "ಕಂಜಿ ತೊಟ್ಟಿ ಆಸ್ಪತ್ರಿ" ಅಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಾರೆ ಗೊತ್ತಾ? ಸ್ಟಾನ್ಲಿ ಆಸ್ಪತ್ರೆಗೆ. ಕಂಜಿ ಅಂದ್ರೆ ನಮ್ಮ ಗಂಜಿ, ತೊಟ್ಟಿ ನಮ್ಮ ತೊಟ್ಟಿಯೇ. ಇಷ್ಟು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಗಂಜಿ ಪಾತ್ರೆಯ ಹೆಸರು ಯಾಕೆ ಬಂತು ಅನ್ನೋದೇ ಇವತ್ತಿನ ವಿಷಯ.

ಕಥೆ ಶುರುವಾಗೋದು ನಮ್ಮ ಕಡೆಯಿಂದಲೇ. 1780ರಲ್ಲಿ ಹೈದರ್ ಅಲಿ ದೊಡ್ಡ ಸೈನ್ಯದ ಜೊತೆ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ. ಆ ವರ್ಷದ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ ನೀವು ನೋಡಿರ್ತೀರಿ. ಆನೆ, ಕುದುರೆ, ಸೋತ ಇಂಗ್ಲಿಷರು, ಎಲ್ಲ ಇದೆ. ಆ ಚಿತ್ರದಲ್ಲಿ ಕಾಣದವರು ಹಳ್ಳಿಗಳ ರೈತರು. ಇಂಗ್ಲಿಷರಿಗೆ ದವಸ ಸಿಗಬಾರದು ಅಂತ ಮದ್ರಾಸಿನ ಸುತ್ತಲ ಹಳ್ಳಿಗಳನ್ನು ಹಾಳುಗೆಡವಲಾಯಿತು. ಮನೆ, ಬೆಳೆ ಕಳೆದುಕೊಂಡವರು ಪಟ್ಟಣಕ್ಕೆ ಬಂದು ಬೀದಿಯಲ್ಲಿ ಬಿದ್ದರು. ಬರಗಾಲ ಬಂತು.

1782ರ ಹೊತ್ತಿಗೆ ಅಲ್ಲೊಂದು ಗಂಜಿ ಕೇಂದ್ರ ಶುರುವಾಯಿತು. ಊರಿನ ಮಣಿಯಕಾರ, ಅಂದರೆ ನಮ್ಮ ಪಟೇಲನಂಥವನು, ಅದನ್ನು ನಡೆಸಿದ ಅಂತ ಹೇಳ್ತಾರೆ. ಇಂಗ್ಲಿಷರ ಬಾಯಲ್ಲಿ "ಮಣಿಯಕಾರ" ಹೋಗಿ "ಮೋನೆಗಾರ್" ಆಯಿತು. ಹೀಗೆ ಅದು ಮೋನೆಗಾರ್ ಚೌಲ್ಟ್ರಿ.

ಆಮೇಲೆ ನಡೆದದ್ದೇ ನನಗೆ ಮುಖ್ಯ ಅನ್ನಿಸೋದು. ಗಂಜಿಗೆ ಬಂದವರಿಗೆ ಹಸಿವು ಮಾತ್ರ ಇರಲಿಲ್ಲ. ಭೇದಿ, ಜ್ವರ, ಗಾಯ, ಮುಪ್ಪು, ಎಲ್ಲ ಇತ್ತು. ದಿನಾ ಬಡಿಸುವವರ ಕಣ್ಣಿಗೆ ಅದು ಬೀಳದೇ ಇರುತ್ತಾ? 1799ರಲ್ಲಿ ಜಾನ್ ಅಂಡರ್‌ವುಡ್ ಎಂಬ ಕಂಪನಿ ವೈದ್ಯ ಅಲ್ಲಿ ಚಿಕಿತ್ಸೆ ಶುರು ಮಾಡಿದ. ಕಾಲಕ್ರಮೇಣ ಅದು ಆಸ್ಪತ್ರೆ ಆಯಿತು. 1938ರಲ್ಲಿ ಸ್ಟಾನ್ಲಿ ಮೆಡಿಕಲ್ ಕಾಲೇಜು ಬಂತು. ಗಂಜಿಯಿಂದ ಸೂರು, ಸೂರಿನಿಂದ ಔಷಧಿ. ಒಂದು ಹಂತ ಮುಂದಿನ ಹಂತವನ್ನು ತೋರಿಸಿಕೊಟ್ಟಿತು.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೇ ಮದ್ರಾಸ್ ಪ್ರಾಂತದಲ್ಲಿದೆ. 1876ರಿಂದ 78ರ ಭೀಕರ ಬರಗಾಲ. ಖರ್ಚು ಹಿಡಿತದಲ್ಲಿಡಲು ಲಾರ್ಡ್ ಲಿಟ್ಟನ್ ಸರ್ಕಾರ ಸರ್ ರಿಚರ್ಡ್ ಟೆಂಪಲ್‌ನನ್ನು ಕಳಿಸಿತು. ಪರಿಹಾರ ಬೇಕೆಂದರೆ ಮೈಮುರಿದು ದುಡಿಯಬೇಕು, ದಿನಕ್ಕೆ ಸಿಗೋದು ಒಂದು ಪೌಂಡ್ ಧಾನ್ಯದ ಲೆಕ್ಕ, ಮೇಲೆ ಸ್ವಲ್ಪ ಪುಡಿಕಾಸು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಕಲ್ಲು ಒಡೆಯುವ ಗಂಡಸಿಗೆ ಇದು ಸಾಲೋದಿಲ್ಲ ಅಂತ ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ವಾದ ಮಾಡಿದ. ಕೆಲವು ತಿಂಗಳ ನಂತರ ಕೂಲಿ ಏರಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಜೀವ ಹೋಗಿತ್ತು.

ನಮ್ಮ ಮೈಸೂರು ಸಂಸ್ಥಾನವೂ ತಪ್ಪಿಸಿಕೊಳ್ಳಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಕುಸಿದುಬಿಟ್ಟಿತು ನೋಡಿ.

ಟೆಂಪಲ್‌ನ ಪ್ರಶ್ನೆ "ಇವನು ನಿಜವಾಗಿ ಅರ್ಹನಾ?" ಅನ್ನೋದು. ಅದೇ ಕಾಲದಲ್ಲಿ ಆ ಪ್ರಶ್ನೆಯನ್ನೇ ಕೇಳದ ಒಂದು ಅಡುಗೆಮನೆ ಇತ್ತು. ಬರ ಬರುವ ಮೊದಲೇ, 1867ರಲ್ಲಿ, ರಾಮಲಿಂಗ ಸ್ವಾಮಿಗಳು, ತಮಿಳರ ವಳ್ಳಲಾರ್, ವಡಲೂರಿನಲ್ಲಿ ಧರ್ಮಶಾಲೆ ತೆರೆದಿದ್ದರು. ಜಾತಿ ಕೇಳುವ ಹಾಗಿಲ್ಲ, ಹಸಿದು ಬಂದವರಿಗೆ ಊಟ. ಅವತ್ತು ಹಚ್ಚಿದ ಒಲೆ ಇವತ್ತಿಗೂ ಆರಿಲ್ಲ ಅನ್ನೋದು ಅಲ್ಲಿನವರ ನಂಬಿಕೆ. ಅನ್ನದಾನ ಇವತ್ತಿಗೂ ನಡೀತಿದೆ.

ಈಗ ನಮ್ಮ ಕಾಲಕ್ಕೆ ಬರೋಣ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ. ರೇಷನ್ ಅಂಗಡಿ ಇದೆಯಲ್ಲ ಅಂತ ನೀವು ಕೇಳಬಹುದು. ಕಾರ್ಡ್ ಮಾಡಿಸೋಕೆ ವಿಳಾಸ ಬೇಕು. ಕಾರ್ಡ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಫುಟ್‌ಪಾತ್ ಮೇಲೆ ಅಕ್ಕಿ ಬೇಯಿಸೋದು ಎಲ್ಲಿ? ಅವರಿಗೆ ಬೇಕಾದದ್ದು ಬೇಯಿಸಿದ ಊಟ. 2013ರಲ್ಲಿ ಚೆನ್ನೈನ ಅಮ್ಮ ಉಣವಗಂ ಒಂದು ರೂಪಾಯಿಗೆ ಇಡ್ಲಿ ಕೊಟ್ಟಿದ್ದು, 2017ರಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ ಕೊಟ್ಟಿದ್ದು ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಅಲ್ಲಿ ಯಾರೂ ಕಾರ್ಡ್ ಕೇಳಲ್ಲ. ದುಡ್ಡು ಕೊಟ್ಟು ತಿನ್ನೋದ್ರಿಂದ ಕೈ ಚಾಚಿದ ಹಾಗೂ ಆಗಲ್ಲ.

ಸೂರಿನ ವಿಷಯಕ್ಕೆ ಬಂದರೆ, 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯಲ್ಲಿ ಒಂದು ರಾತ್ರಿ ತಂಗುದಾಣವನ್ನು ಕೆಡವಲಾಯಿತು. ವಿಷಯ ಕೋರ್ಟಿಗೆ ಹೋಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಇರಬೇಕು ಅಂತ ಹೇಳಿತು. ಈ ಆದೇಶ ಬಂದದ್ದು 2001ರಲ್ಲಿ ಪಿಯುಸಿಎಲ್ ಸಂಸ್ಥೆ ಹೂಡಿದ್ದ ಆಹಾರದ ಹಕ್ಕಿನ ಕೇಸಿನಲ್ಲೇ. ಇಲ್ಲೂ ಊಟದ ಮಾತು ಸೂರಿನ ಮಾತಿಗೆ ಬಂದು ನಿಂತಿತು.

ನಮ್ಮಲ್ಲಿ ಬಹಳ ಜನ ಭಾನುವಾರ ಪುಣೆಯಲ್ಲೋ, ಮುಂಬೈಯಲ್ಲೋ, ಹೈದರಾಬಾದಿನಲ್ಲೋ ಊಟದ ಪೊಟ್ಟಣ ಹಂಚೋಕೆ ಹೋಗ್ತೀರಿ. "ಇದರಿಂದ ಏನು ಬದಲಾಗುತ್ತೆ, ನಾಳೆ ಮತ್ತೆ ಹಸಿವಾಗಲ್ವಾ?" ಅಂತ ಆಫೀಸಿನಲ್ಲಿ ಯಾರಾದರೂ ಕೇಳಿಯೇ ಇರ್ತಾರೆ. ಉತ್ತರ ಮೋನೆಗಾರ್ ಚೌಲ್ಟ್ರಿಯಲ್ಲಿದೆ. ಬದಲಾಗುತ್ತೆ, ಆದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ. ವಾರಕ್ಕೊಂದು ಹೊಸ ಏರಿಯಾ ಹುಡುಕಿ ಫೋಟೋ ತೆಗೆದುಕೊಂಡು ಬಂದರೆ ಹಸಿವು ಮಾತ್ರ ಕಾಣುತ್ತೆ. ಅದೇ ಫ್ಲೈಓವರ್ ಕೆಳಗೆ ಆರು ತಿಂಗಳು ಹೋದರೆ, ಆ ಅಜ್ಜಿಗೆ ಕಣ್ಣು ಕಾಣಲ್ಲ, ಈ ಹುಡುಗನಿಗೆ ಆಧಾರ್ ಇಲ್ಲ, ಪಕ್ಕದ ಅಣ್ಣನಿಗೆ ಟಿಬಿ ಮಾತ್ರೆ ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತೆ. ಆಗ ನಿಮ್ಮ ಕೈಲಿರೋದು ಬರೀ ಪೊಟ್ಟಣ ಅಲ್ಲ.

ಮೋನೆಗಾರ್ ಚೌಲ್ಟ್ರಿ ಇವತ್ತಿಗೂ ದಿಕ್ಕಿಲ್ಲದ ವೃದ್ಧರಿಗೆ ಆಸರೆಯಾಗಿ ನಡೀತಿದೆ. ಚೆನ್ನೈನವರು ಆ ಕಡೆ ಹೋದಾಗ ಒಮ್ಮೆ ನೋಡಿ ಬನ್ನಿ. ನಿಮ್ಮ ಊರಿನಲ್ಲೂ ಇಂಥ ಹಳೆಯ ಛತ್ರ ಇದ್ದರೆ ಅದರ ಕಥೆ ನಮಗೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.