ಒಂಬತ್ತನೇ ಚಿಪ್ ಎಲ್ಲಿ ಹೋಯ್ತು?

2003ರ ಮೇ 18. ಬೆಲ್ಜಿಯಂ ದೇಶದಲ್ಲಿ ಚುನಾವಣೆ. ರಾಜಧಾನಿ ಬ್ರಸೆಲ್ಸ್‌ಗೆ ಅಂಟಿಕೊಂಡ ಸ್ಕಾರ್‌ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳನ್ನು ಕಂಪ್ಯೂಟರ್ ತೋರಿಸಿತು. ಮರು ಎಣಿಕೆ ಮಾಡಿದರೆ ಸರಿಯಾಗಿ 4096 ಮತ ಹೆಚ್ಚಿಗೆ ಸೇರಿದ್ದವು. ಯಂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಿದರೂ ಆ ತಪ್ಪು ಮರುಕಳಿಸಲಿಲ್ಲ.

ಆ ಸಂಖ್ಯೆಯಲ್ಲೇ ಸುಳಿವಿತ್ತು. ಕಂಪ್ಯೂಟರ್ ಎಲ್ಲವನ್ನೂ 0 ಮತ್ತು 1ರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಒಂದೊಂದು ಸ್ಥಾನಕ್ಕೂ 1, 2, 4, 8 ಹೀಗೆ ದುಪ್ಪಟ್ಟು ಬೆಲೆ. ಹದಿಮೂರನೇ ಸ್ಥಾನದ ಬೆಲೆ 4096. ಅಲ್ಲಿದ್ದ 0 ತಾನಾಗಿ 1 ಆಗಿಬಿಟ್ಟಿತ್ತು. ಬಾಹ್ಯಾಕಾಶದಿಂದ ಬಂದ ಕಣವೊಂದು ಮೆಮೊರಿಗೆ ಬಡಿದಿರಬೇಕು ಎಂಬ ಊಹೆಯಿದೆ, ಸಾಬೀತಾಗಿಲ್ಲ. ಮತ ಅಸಾಧ್ಯದಷ್ಟು ಬಂದಿದ್ದಕ್ಕೆ ಸಿಕ್ಕಿಬಿತ್ತು. ನಾಲ್ಕೇ ಮತ ಹೆಚ್ಚಾಗಿದ್ದರೆ ಯಾರು ಕೇಳುತ್ತಿದ್ದರು?

ಇಂಥ ತಪ್ಪನ್ನು ತಿದ್ದುವ ವಿದ್ಯೆ ಆಗಲೇ ಅರ್ಧ ಶತಮಾನ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ವಾರದ ಕೊನೆಗೆ ತಮ್ಮ ಲೆಕ್ಕಗಳನ್ನು ಯಂತ್ರಕ್ಕೆ ಒಪ್ಪಿಸಿ ಹೋಗುತ್ತಿದ್ದರು. ತಪ್ಪು ಕಂಡ ಕೂಡಲೇ ಯಂತ್ರ ಆ ಲೆಕ್ಕ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಕೆಲಸ ಆಗಿರುತ್ತಿರಲಿಲ್ಲ. ತಪ್ಪಾಗಿದೆ ಅಂತ ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಯಾಕೆ ತಿಳಿಯಬಾರದು? ಆ ಸಿಟ್ಟಿನಲ್ಲಿ ಹುಟ್ಟಿದ ವಿಧಾನವನ್ನು ಅವರು 1950ರಲ್ಲಿ ಪ್ರಕಟಿಸಿದರು.

1981ರ ಐಬಿಎಂ ಪಿಸಿಯಲ್ಲಿ ತಿದ್ದುವ ವ್ಯವಸ್ಥೆ ಇರಲಿಲ್ಲ, ಆದರೆ ಕಾವಲುಗಾರ ಇದ್ದ. ಪ್ರತಿ ಎಂಟು ಮೆಮೊರಿ ಚಿಪ್‌ಗೆ ಒಂಬತ್ತನೆಯದೊಂದು. ಎಂಟರಲ್ಲಿರುವ 1ಗಳ ಸಂಖ್ಯೆ ಸಮವೋ ಬೆಸವೋ ಎಂದು ಅದು ಗುರುತಿಟ್ಟುಕೊಳ್ಳುತ್ತಿತ್ತು. ತಾಳೆಯಾಗದಿದ್ದರೆ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತಿತ್ತು. ಕಿರಿಕಿರಿಯೇ ಸರಿ, ಆದರೂ ಸುಳ್ಳು ಲೆಕ್ಕ ಕೊಡುವುದಕ್ಕಿಂತ ನಿಲ್ಲುವುದು ಮೇಲು ಎನ್ನುವುದು ನಮ್ಮ ಅಭಿಪ್ರಾಯ.

1990ರ ದಶಕದಲ್ಲಿ ಬೆಲೆ ಇಳಿಸುವ ಪೈಪೋಟಿ ಶುರುವಾಯಿತು. ಒಂಬತ್ತರಲ್ಲಿ ಒಂದು ಚಿಪ್ ತೆಗೆದರೆ ಅಷ್ಟು ದುಡ್ಡು ಉಳಿತಾಯ. 1995ರ ಇಂಟೆಲ್ 430ಎಫ್‌ಎಕ್ಸ್ ಚಿಪ್‌ಸೆಟ್‌ನಲ್ಲಂತೂ ಆ ಕಾವಲಿಗೆ ಜಾಗವೇ ಇರಲಿಲ್ಲ. ತಿದ್ದುವ ಮೆಮೊರಿ, ಅಂದರೆ ಇಸಿಸಿ, ದೊಡ್ಡ ಸರ್ವರ್‌ಗಳ ಪಾಲಾಯಿತು. ಅಲ್ಲಿ 64 ಬಿಟ್‌ಗೆ 8 ಬಿಟ್ ಕಾವಲು: ಒಂದು ಬಿಟ್ ಕೆಟ್ಟರೆ ತಾನೇ ತಿದ್ದುತ್ತದೆ, ಎರಡು ಕೆಟ್ಟರೆ ಹೇಳುತ್ತದೆ.

ಇಷ್ಟು ಅಪರೂಪದ ತಪ್ಪಿಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದರು. 2009ರಲ್ಲಿ ಗೂಗಲ್ ತನ್ನ ಸರ್ವರ್‌ಗಳ ಲೆಕ್ಕ ಹೊರಗಿಟ್ಟಿತು: ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ತಪ್ಪು ಕಂಡಿತ್ತು. ಇಸಿಸಿ ಜನಸಾಮಾನ್ಯರ ಕಂಪ್ಯೂಟರ್‌ಗೆ ಸಿಗದಿರಲು ಇಂಟೆಲ್ ಕಾರಣ ಎಂದು ಲಿನಕ್ಸ್ ಕಟ್ಟಿದ ಲೈನಸ್ ಟೊರ್ವಾಲ್ಡ್ಸ್ 2021ರಲ್ಲಿ ಬಹಿರಂಗವಾಗಿಯೇ ಹರಿಹಾಯ್ದರು.

ಈಗಿನ ಡಿಡಿಆರ್5 ಮೆಮೊರಿ ಚಿಪ್ಪಿನೊಳಗಿನ ತಪ್ಪನ್ನು ತಿದ್ದಿಕೊಳ್ಳುತ್ತದೆ. ಅಲ್ಲಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ಪೂರ್ತಿ ಇಸಿಸಿ ಬೇಕೆಂದರೆ ಅಂಥ ರ‍್ಯಾಮ್ ತಂದರಷ್ಟೇ ಸಾಲದು. ಮದರ್‌ಬೋರ್ಡ್, ಪ್ರೊಸೆಸರ್ ಎರಡೂ ಅದಕ್ಕೆ ಒಪ್ಪಬೇಕು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಕೇಳಿಕೊಳ್ಳಿ.