ಹುಳಿದ್ರಾಕ್ಷಿಯ ಗಾದೆ ಮತ್ತು ಗೋಕಾಕ ಫಾಲ್ಸಿನ ಸೆಟ್ಲಮೆಂಟ್: ಯೆಹೆಜ್ಕೇಲ 18ರ ಒಂದು ಓದು

ಹುಕ್ಕೇರಿ ತಾಲ್ಲೂಕನ್ನು ಹಾದು ಬರುವ ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕಿ ಮೂಡಲಗಿಯ ಸೀಮೆಯತ್ತ ಸಾಗುತ್ತದೆ. ಆ ನೀರಿನ ಬಲವನ್ನು ನೆಚ್ಚಿ 1880ರ ದಶಕದಲ್ಲಿ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿಯೊಂದು ಸ್ಥಾಪನೆಯಾಯಿತು. ಮುಂದೆ ಮುಂಬಯಿ ಪ್ರಾಂತ್ಯದ ಆಡಳಿತವು ಅದೇ ಸ್ಥಳದಲ್ಲಿ, 'ಅಪರಾಧಿ ಬುಡಕಟ್ಟು'ಗಳೆಂದು ಕಾನೂನು ಹೆಸರಿಸಿದ ಜನರಿಗಾಗಿ ವಸಾಹತೊಂದನ್ನು ಏರ್ಪಡಿಸಿತು. ಜನರು ಇಂಥ ವಸಾಹತನ್ನು ಸೆಟ್ಲಮೆಂಟ್ ಎಂದು ಕರೆದರು. ಮಾನಸಾಂತರವನ್ನೂ ದೇವರ ಕರುಣೆಯನ್ನೂ ಕುರಿತು ಬೋಧಿಸುವ ನಾವು, ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯವನ್ನು ಈ ಇತಿಹಾಸದ ಜೊತೆಗಿಟ್ಟು ಓದುವುದು ಅವಶ್ಯವಾಗಿದೆ.

ಅಪರಾಧಿ ಬುಡಕಟ್ಟುಗಳ ಕಾಯಿದೆಯು ಮೊದಲು ಜಾರಿಯಾದದ್ದು 1871ರಲ್ಲಿ, ಉತ್ತರ ಭಾರತದ ಪ್ರಾಂತ್ಯಗಳಲ್ಲಿ. 1911ರ ಕಾಯಿದೆಯು ಅದನ್ನು ಮುಂಬಯಿ, ಮದರಾಸುಗಳಿಗೂ ವಿಸ್ತರಿಸಿತು. 1924ರ ಕಾಯಿದೆಯು ಹಿಂದಿನವುಗಳನ್ನು ಒಂದುಗೂಡಿಸಿತು. ಇದರ ಬುಡದಲ್ಲಿದ್ದ ತರ್ಕ ಸರಳವಾದದ್ದು. ಈ ದೇಶದಲ್ಲಿ ನೇಕಾರನ ಮಗನು ನೇಕಾರನಾಗುವಂತೆ ಕಳ್ಳನ ಮಗನೂ ಕಳ್ಳನೇ ಆಗುತ್ತಾನೆ, ಅಪರಾಧವೂ ಕುಲಕಸುಬುಗಳಲ್ಲೊಂದು ಎಂದು ಕಾನೂನು ರೂಪಿಸಿದವರು ವಾದಿಸಿದ್ದರು. ಆದುದರಿಂದ ಒಬ್ಬನು ಏನು ಮಾಡಿದನೆಂಬುದಕ್ಕಿಂತ ಯಾವ ಸಮುದಾಯದಲ್ಲಿ ಹುಟ್ಟಿದನೆಂಬುದೇ ಮುಖ್ಯವಾಯಿತು. ಮುಂಬಯಿ ಪ್ರಾಂತ್ಯದ ದಕ್ಷಿಣ ಜಿಲ್ಲೆಗಳಲ್ಲಿ ಗಂಟಿಚೋರ, ಕೊರವ, ಹರಣಶಿಕಾರಿ ಮೊದಲಾದ ಸಮುದಾಯಗಳು ಈ ಪಟ್ಟಿಗೆ ಸೇರಿದವು. ಪಟ್ಟಿಯಲ್ಲಿ ನಮೂದಾದವರ ಬೆರಳಚ್ಚನ್ನು ತೆಗೆದುಕೊಳ್ಳಬಹುದಾಗಿತ್ತು. ಗೊತ್ತುಪಡಿಸಿದ ವೇಳೆಗೆ ಅವರು ಹಾಜರಿ ಕೊಡಬೇಕೆಂದು ಆಜ್ಞೆ ಹೊರಡಿಸಬಹುದಾಗಿತ್ತು. ಆರು ವರ್ಷ ದಾಟಿದ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಸೇರಿಸುವ ಅಧಿಕಾರವೂ ಸರಕಾರಕ್ಕಿತ್ತು.

ಈ ಜಿಲ್ಲೆಗಳಲ್ಲಿ ಸೆಟ್ಲಮೆಂಟುಗಳನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖನು ಓ. ಎಚ್. ಬಿ. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ. ಬಿಜಾಪುರದಲ್ಲಿ ಆರಂಭವಾದ ಈ ಪ್ರಯೋಗವು ಹುಬ್ಬಳ್ಳಿ, ಗದಗ, ಗೋಕಾಕ ಫಾಲ್ಸ್, ಸೊಲ್ಲಾಪುರಗಳಿಗೂ ಹರಡಿತು. ದುಡಿಮೆ, ಕೂಲಿ, ಶಾಲೆ ಇವುಗಳ ಮೂಲಕ ಮನುಷ್ಯನು ಬದಲಾಗಬಲ್ಲನೆಂಬ ನಂಬಿಕೆ ಅದರಲ್ಲಿತ್ತೆಂಬುದನ್ನು ಅಲ್ಲಗಳೆಯಲಾಗದು. ಅಕ್ಷರ ಕಲಿತ ಮೊದಲ ತಲೆಮಾರು ಅಲ್ಲಿಂದಲೇ ಹೊರಬಂದ ಕುಟುಂಬಗಳುಂಟು. ಆದರೆ ಗಿರಣಿಗಳಿಗೆ ಬಿಟ್ಟುಹೋಗದ ಕೆಲಸಗಾರರು ಬೇಕಾಗಿದ್ದರು, ಕಾನೂನು ಅಂಥವರನ್ನು ಒದಗಿಸಿತು ಎಂಬುದೂ ಅಷ್ಟೇ ನಿಜ. ಈ ಕಾರ್ಯದಲ್ಲಿ ಕ್ರೈಸ್ತ ಸಂಸ್ಥೆಗಳೂ ಪಾಲುಗೊಂಡವು. ಹುಬ್ಬಳ್ಳಿಯಲ್ಲಿ ಎಸ್.ಪಿ.ಜಿ. ಮಿಷನ್, ಸೊಲ್ಲಾಪುರದಲ್ಲಿ ಅಮೇರಿಕನ್ ಮರಾಠಿ ಮಿಷನ್, ಬೇರೆಡೆಗಳಲ್ಲಿ ಸಾಲ್ವೇಶನ್ ಆರ್ಮಿಗಳು ಸೆಟ್ಲಮೆಂಟುಗಳ ಆಡಳಿತವನ್ನೇ ವಹಿಸಿಕೊಂಡವು. ಹೀಗೆ ಸುವಾರ್ತೆಯನ್ನು ಸಾರುವವರ ಕೈಗೇ ಹಾಜರಿ ಪುಸ್ತಕವೂ ಬಂದಿತು.

ಈಗ ಪ್ರವಾದಿಯ ಕಡೆಗೆ ತಿರುಗೋಣ. ಯೆಹೆಜ್ಕೇಲನು ಕ್ರಿ.ಪೂ. 597ರಲ್ಲಿ ಅರಸನಾದ ಯೆಹೋಯಾಕೀನನೊಂದಿಗೆ ಬಾಬೆಲಿಗೆ ಸೆರೆಹೋದವರಲ್ಲೊಬ್ಬನು. ಅವನಿಗೆ ದರ್ಶನವಾದದ್ದು ಕೆಬಾರ್ ಕಾಲುವೆಯ ದಡದಲ್ಲಿ. ಅವನ ಶ್ರೋತೃಗಳು ವಾಸವಾಗಿದ್ದದ್ದು ತೇಲಾಬೀಬಿನಲ್ಲಿ. ಅಂದರೆ ಸಾಮ್ರಾಜ್ಯವೊಂದು ಊರಿನಿಂದ ಕಿತ್ತು ತಂದು, ತನಗೆ ಬೇಕಾದ ಕಡೆ ನೀರಿನ ಬದಿಯಲ್ಲಿ ನೆಲೆಗೊಳಿಸಿದ ಜನರ ನಡುವೆ ಈ ಪ್ರವಾದನೆ ಹುಟ್ಟಿತು. ಹಿರಿಯರು ತಿಂದ ಹುಳಿದ್ರಾಕ್ಷಿಗೆ ಮಕ್ಕಳ ಹಲ್ಲು ಜುಮ್ಮೆನ್ನುತ್ತದೆ ಎಂಬರ್ಥದ ಗಾದೆಯೊಂದು ಆ ಜನರ ಬಾಯಲ್ಲಿತ್ತು. ಯೆರೆಮೀಯನ 31ನೆಯ ಅಧ್ಯಾಯದಲ್ಲಿಯೂ ಅದರ ಉಲ್ಲೇಖವಿದೆ. ಇನ್ನು ಮೇಲೆ ಈ ಗಾದೆಯನ್ನು ಆಡಕೂಡದೆಂದು ದೇವರು ಆಣೆಯಿಟ್ಟು ಹೇಳುತ್ತಾನೆ. ಎಲ್ಲ ಪ್ರಾಣಗಳೂ ತನ್ನವೇ ಎಂಬುದು ಅವನು ಕೊಡುವ ಕಾರಣ.

ಬಳಿಕ ಪ್ರವಾದಿಯು ಮೂರು ತಲೆಮಾರುಗಳ ಉದಾಹರಣೆಯನ್ನು ಮುಂದಿಡುತ್ತಾನೆ: ನೀತಿವಂತನಾದ ತಂದೆ, ಹಿಂಸಕನಾದ ಮಗ, ತಂದೆಯ ಪಾಪಗಳನ್ನು ಕಂಡೂ ಹಾಗೆ ನಡೆಯದ ಮೊಮ್ಮಗ. ಪ್ರತಿಯೊಬ್ಬನಿಗೂ ಅವನವನ ನಡತೆಗೆ ತಕ್ಕಂತೆಯೇ ತೀರ್ಪು. ಮೂರು ನಾಲ್ಕು ತಲೆಗಳವರೆಗೆ ಪಾಪದ ಫಲ ಮುಟ್ಟುವುದೆಂಬ ವಿಮೋಚನಕಾಂಡದ ಮಾತನ್ನು ಇದು ರದ್ದುಪಡಿಸುತ್ತದೆಯೇ ಎಂದು ಕೇಳಬಹುದು. ಹಿರಿಯರ ತಪ್ಪಿನ ಪರಿಣಾಮವನ್ನು ಕಿರಿಯರು ಅನುಭವಿಸುವುದುಂಟು. ಸೆರೆಯವರೇ ಅದಕ್ಕೆ ಸಾಕ್ಷಿ. ಯೆಹೆಜ್ಕೇಲನು ನಿರಾಕರಿಸುವುದು ಪರಿಣಾಮವನ್ನಲ್ಲ, ಅಪರಾಧದ ವಂಶಪಾರಂಪರ್ಯವನ್ನು. ಈ ಅಧ್ಯಾಯದ ಮುಂದೆ 1871ರ ಕಾಯಿದೆಯ ತರ್ಕವು ನಿಲ್ಲಲಾರದು.

ಅಧ್ಯಾಯದ ಉತ್ತರಾರ್ಧವು ಇನ್ನೂ ಮುಂದೆ ಹೋಗುತ್ತದೆ. ದುಷ್ಟನು ತನ್ನ ದಾರಿಯಿಂದ ತಿರುಗಿಕೊಂಡರೆ ಅವನ ಹಿಂದಿನ ಅಪರಾಧಗಳಲ್ಲಿ ಒಂದನ್ನೂ ನೆನಪಿಗೆ ತಂದುಕೊಳ್ಳುವುದಿಲ್ಲವೆಂದು ದೇವರು ವಾಗ್ದಾನ ಮಾಡುತ್ತಾನೆ. ದುಷ್ಟನ ಮರಣದಲ್ಲಿ ತನಗೆ ಸಂತೋಷವುಂಟೇ ಎಂದು ಕೇಳುತ್ತಾನೆ. ಇಲ್ಲಿರುವ 'ಶೂವ್' ಎಂಬ ಹೀಬ್ರೂ ಕ್ರಿಯಾಪದಕ್ಕೆ ನಡೆಯುವ ದಾರಿಯನ್ನೇ ಬದಲಿಸಿ ತಿರುಗುವುದೆಂದು ಅರ್ಥ. ಮನಸ್ಸಿನಲ್ಲಿ ಮರುಗುವುದಷ್ಟೇ ಇದಕ್ಕೆ ಸಾಲದು. ಅಡವನ್ನು ಹಿಂದಿರುಗಿಸುವುದು, ಹಸಿದವನಿಗೆ ಅನ್ನವಿಡುವುದು, ಬಡ್ಡಿ ತೆಗೆದುಕೊಳ್ಳದಿರುವುದು ಇವೇ ಆ ಹೊಸ ದಾರಿಯ ಗುರುತುಗಳೆಂದು ಪ್ರವಾದಿಯು ಎಣಿಸುತ್ತಾನೆ. ಆದರೆ ತಿರುಗಿಬರುವವನಿಗೆ ತಿರುಗಲು ಸ್ಥಳವಿರಬೇಕು. 1924ರ ಕಾಯಿದೆಯ ಪ್ರಕಾರ, ಪಟ್ಟಿಯಲ್ಲಿದ್ದವನು ಕೆಲವು ಅಪರಾಧಗಳಿಗಾಗಿ ಎರಡನೆಯ ಸಲ ಶಿಕ್ಷೆಗೊಳಗಾದರೆ ಸಾಮಾನ್ಯವಾಗಿ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ, ಮೂರನೆಯ ಸಲಕ್ಕೆ ಜೀವಾವಧಿ ಗಡೀಪಾರು. ದೇವರು ನೆನೆಯೆನೆಂದದ್ದನ್ನು ಈ ಕಾನೂನು ಮರೆಯಲು ಒಪ್ಪಲಿಲ್ಲ.

18ನೆಯ ಅಧ್ಯಾಯವು ಹೊಸ ಹೃದಯವನ್ನು ಪಡೆದುಕೊಳ್ಳಿರೆಂದು ಆಜ್ಞಾಪಿಸುತ್ತದೆ. 36ನೆಯ ಅಧ್ಯಾಯವು ಅದೇ ಹೊಸ ಹೃದಯವನ್ನು ದೇವರೇ ಕೊಡುವನೆಂದು ವಾಗ್ದಾನ ಮಾಡುತ್ತದೆ. ಆಜ್ಞೆ ಮತ್ತು ಕೃಪೆ ಒಟ್ಟಿಗಿರುವುದರಿಂದಲೇ ಮಾನಸಾಂತರವು ಸಾಧ್ಯವಾಗುತ್ತದೆ. ಸೆಟ್ಲಮೆಂಟಿನಲ್ಲಿ ಬದಲಾಗಬೇಕೆಂಬ ಆಜ್ಞೆ ಇತ್ತು. ಬದಲಾದೆನೆಂದು ನಂಬುವವರು ವಿರಳವಾಗಿದ್ದರು. ಅಲ್ಲಿ ಸೇವೆಗೈದ ಮಿಷನರಿಗಳು ಅನೇಕರನ್ನು ಪ್ರೀತಿಸಿದರು, ಕಲಿಸಿದರು, ರೋಗದಲ್ಲಿ ಆರೈಕೆ ಮಾಡಿದರು. ಆದರೆ ಜನನದಿಂದ ಅಪರಾಧಿಯೆಂಬ ಮೂಲಕಲ್ಪನೆಯ ಮೇಲೆ ನಿಂತ ವ್ಯವಸ್ಥೆಯನ್ನು ತಮ್ಮ ಕೈಯಿಂದ ನಡೆಸುತ್ತಲೇ, ಅದರೊಳಗಿದ್ದವರಿಗೆ ಪಾಪನಿವೇದನೆಯನ್ನು ಬೋಧಿಸಿದರು. ಯೆಹೆಜ್ಕೇಲನನ್ನು ದೇವರು ಕಾವಲುಗಾರನನ್ನಾಗಿ ನೇಮಿಸಿದ್ದು ಜನರನ್ನು ಎಚ್ಚರಿಸಿ ಬದುಕಿಸುವುದಕ್ಕೆ. ಓಡಿಹೋಗದಂತೆ ಜನರನ್ನು ಕಾಯುವುದು ಬೇರೊಂದು ಕಾವಲು. ಈ ಎರಡರ ವ್ಯತ್ಯಾಸವು ಅಲ್ಲಿ ಮಸುಕಾಯಿತು.

ಮುಂಬಯಿ ಪ್ರಾಂತ್ಯವು 1949ರಲ್ಲಿ ಈ ಕಾಯಿದೆಯನ್ನು ತೆಗೆದುಹಾಕಿತು. ದೇಶದಾದ್ಯಂತ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಅಂದಿನಿಂದ ಈ ಸಮುದಾಯಗಳು ವಿಮುಕ್ತರೆನಿಸಿಕೊಂಡಿವೆ. ಆದರೂ ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟ್ ಎಂಬುದು ಇಂದಿಗೂ ವಾಸಸ್ಥಳದ ಹೆಸರಾಗಿ ಉಳಿದಿದೆ. ಊರಲ್ಲೊಂದು ಕಳವಾದರೆ ಮೊದಲು ಯಾರ ಓಣಿಯತ್ತ ಬೆರಳು ತೋರುತ್ತದೆಂಬುದು ಈ ಭಾಗದ ಸಭಾಪಾಲಕರಿಗೆ ತಿಳಿಯದ ಸಂಗತಿಯಲ್ಲ. ಹುಳಿದ್ರಾಕ್ಷಿಯ ಗಾದೆಯನ್ನು ಕಾನೂನು ಬಿಟ್ಟುಕೊಟ್ಟಿದೆ. ನಾಲಿಗೆ ಇನ್ನೂ ಬಿಟ್ಟಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಭೆಗಳಲ್ಲಿ ಈ ಅಧ್ಯಾಯವನ್ನು ಪ್ರಸಂಗಿಸುವವರು ಒಂದು ಅಂಶವನ್ನು ಗಮನಿಸಬೇಕು. ಅದರ ಕೊನೆಯ ಕರೆಯು ಬಹುವಚನದಲ್ಲಿದೆ. ಇಸ್ರಾಯೇಲ್ ಮನೆತನದವರೆಲ್ಲರೂ ತಿರುಗಿಕೊಂಡು ಬದುಕಬೇಕೆಂಬುದು ಅದರ ತಾತ್ಪರ್ಯ. ದೂಷಿತನೆಂದು ಪಟ್ಟಿಗೆ ಸೇರಿದವನಿಗೆ ಮಾತ್ರವಲ್ಲದೆ ಪಟ್ಟಿಯನ್ನು ಬರೆದವನಿಗೂ, ಅದನ್ನು ನಂಬಿ ನೆರೆಯವನನ್ನು ದೂರವಿಟ್ಟವನಿಗೂ ಅದು ಸಲ್ಲುತ್ತದೆ. ನಮ್ಮ ಸಭೆಗಳು ಈ ಕುಟುಂಬಗಳ ಮನೆಗಳಿಗೆ ಹೋಗಿ ಅವರ ನೆನಪುಗಳನ್ನು ಕೇಳಿಸಿಕೊಳ್ಳಲಿ. ವಿವಾಹ, ಉದ್ಯೋಗ, ಸಭೆಯ ಹೊಣೆಗಾರಿಕೆಗಳಲ್ಲಿ ಹುಟ್ಟನ್ನು ವಿಚಾರಿಸುವ ವಾಡಿಕೆಯನ್ನು ತೊರೆಯಲಿ. ಎಲ್ಲ ಪ್ರಾಣಗಳೂ ತನ್ನವೇ ಎಂದ ದೇವರ ಕಡೆಗೆ ತಿರುಗುವುದು ನಮ್ಮ ಪಾಲಿಗೆ ಅಲ್ಲಿಂದ ಪ್ರಾರಂಭವಾಗುತ್ತದೆ.