ಕ್ವೀನ್ ಮೇರಿ-2: ಸಮುದ್ರ ಪರೀಕ್ಷೆ ಮತ್ತು ಒಂದು ದುರಂತ

ಹೊಸ ಹಡಗನ್ನು ಮಾಲೀಕರಿಗೆ ಹಸ್ತಾಂತರಿಸುವ ಮುನ್ನ ತೆರೆದ ಕಡಲಿನಲ್ಲಿ ಓಡಿಸಿ ನೋಡುವುದೇ ಸಮುದ್ರ ಪರೀಕ್ಷೆ. ವೇಗ, ತಿರುವು, ತುರ್ತು ನಿಲುಗಡೆಗಳನ್ನು ಆಗ ಅಳೆಯಲಾಗುತ್ತದೆ. ವಿಹಾರ ನೌಕೆಗಳಲ್ಲಿ ಎಂಜಿನ್‌ಗಳ ಕಂಪನ ಹಾಗೂ ಸದ್ದಿನ ಪರೀಕ್ಷೆಗೂ ಅಷ್ಟೇ ಮಹತ್ವವಿದೆ.

345 ಮೀಟರ್ ಉದ್ದದ ‘ಕ್ವೀನ್ ಮೇರಿ-2’ ಬ್ರಿಟನ್ನಿನ ಕುನಾರ್ಡ್ ಸಂಸ್ಥೆಗಾಗಿ ಫ್ರಾನ್ಸಿನ ಸೇಂಟ್ ನಜೇರ್ ಬಂದರು ಪಟ್ಟಣದಲ್ಲಿ ನಿರ್ಮಾಣಗೊಂಡಿತು. ಇದರ ಸಮುದ್ರ ಪರೀಕ್ಷೆಗಳು 2003ರ ಸೆಪ್ಟೆಂಬರ್ ಹಾಗೂ ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ನಡೆದವು. ಹಡಗಿನ ತಳದಲ್ಲಿ ಜೋಡಿಸಿರುವ ನಾಲ್ಕು ವಿದ್ಯುತ್ ಚಾಲಿತ ಪಾಡ್‌ಗಳು ಇದನ್ನು ಮುನ್ನಡೆಸುತ್ತವೆ. ಅವುಗಳಲ್ಲಿ ಎರಡು ಸ್ಥಿರವಾದವು. ಉಳಿದೆರಡು ಸುತ್ತಲೂ ತಿರುಗಬಲ್ಲವಾದ್ದರಿಂದ ಪ್ರತ್ಯೇಕ ಚುಕ್ಕಾಣಿಯ ಅಗತ್ಯವಿಲ್ಲ.

ಪರೀಕ್ಷೆಗಳು ಮುಗಿದ ಕೆಲವೇ ದಿನಗಳಲ್ಲಿ, ನವೆಂಬರ್ 15ರಂದು, ಹಡಗನ್ನು ನೋಡಲು ಕಾರ್ಮಿಕರು ಮತ್ತು ಅವರ ಬಂಧುಗಳನ್ನು ಆಹ್ವಾನಿಸಲಾಗಿತ್ತು. ದಡದಿಂದ ಹಡಗಿಗೆ ಹಾಕಿದ್ದ ಕಾಲುಸೇತುವೆ ಕುಸಿದು, ಅವರು ಡ್ರೈಡಾಕ್‌ನ ತಳಕ್ಕೆ ಬಿದ್ದರು. 16 ಮಂದಿ ಮೃತಪಟ್ಟರು, 32 ಮಂದಿ ಗಾಯಗೊಂಡರು. ಹಡಗಿಗೆ ಯಾವ ಹಾನಿಯೂ ಆಗಲಿಲ್ಲ.

ಡಿಸೆಂಬರ್‌ನಲ್ಲಿ ಹಸ್ತಾಂತರಗೊಂಡ ಹಡಗಿಗೆ 2004ರ ಜನವರಿ 8ರಂದು ರಾಣಿ ಎರಡನೇ ಎಲಿಜಬೆತ್ ಸೌತಾಂಪ್ಟನ್‌ನಲ್ಲಿ ನಾಮಕರಣ ಮಾಡಿದರು. ಅದೇ ತಿಂಗಳ 12ರಂದು ಅದು ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನತ್ತ ಮೊದಲ ಯಾನ ಆರಂಭಿಸಿತು.